ರೇಷ್ಮೆ ಜಾರದ ಕೈ

“ಕೈ ಎರಡೂ ವಾಪಸ್ ಬಂದಿವೆ ಕಣಮ್ಮ” ಅಂದರು ಮೇಸ್ತ್ರಿ, ಬೂಟಿನ ಡಬ್ಬಿಯೊಂದನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತು.

“ಮಿಕ್ಕಿದ್ದು?”

“ಮಿಕ್ಕಿದ್ದೆಲ್ಲ ಒಪ್ಪಿಗೆಯಂತೆ. ಮುಖ ಒಪ್ಪಿಗೆ, ಮೂಗು ಒಪ್ಪಿಗೆ, ಪಾದಾನೂ ಒಪ್ಪಿಗೆ. ಕೈ ಮಾತ್ರ ಬೇಡವಂತೆ. ಕಾಗದ ಇಟ್ಟಿದಾರೆ ನೋಡು.”

ಉಜ್ಜಕ್ಕ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಯಾವುದೋ ರಾಣಿಯ ಭುಜ ಉಜ್ಜುತ್ತಿದ್ದಳು. ರೆಪ್ಪೆಯ ಮೇಲೆ, ಕಿವಿಯೊಳಗೆ, ಹಲ್ಲಿನ ಸಂದಿಯಲ್ಲಿ ಸುಣ್ಣದಂಥ ಬಿಳಿ ಪುಡಿ. ಇಪ್ಪತ್ತು ವರ್ಷದಿಂದ ಅವಳದು ಅದೇ ಕೆಲಸ. ಅಚ್ಚಿನಿಂದ ಬಂದ ಗೊಂಬೆಯ ಮೈಮೇಲೆ ಗಂಟು, ಗೆರೆ, ಗುಳ್ಳೆ ಏನಿದ್ದರೂ ಉಜ್ಜುಕಾಗದ ಹಿಡಿದು ತೆಗೆಯಬೇಕು. ಮೊದಲು ಒರಟು ಕಾಗದ, ಆಮೇಲೆ ನಯದ್ದು, ಕೊನೆಗೆ ಬರೀ ಅಂಗೈ. ಅವಳಿಗೊಂದು ಹೆಸರಿತ್ತು. ಆ ಹೆಸರಿನಿಂದ ಕರೆಯುತ್ತಿದ್ದವಳು ಅವಳ ಅವ್ವ ಒಬ್ಬಳೇ. ಅವ್ವ ಹೋದ ಮೇಲೆ ಹೆಸರೂ ಹೋಯಿತು, ಉಜ್ಜಕ್ಕ ಉಳಿದಳು.

ಮೇಸ್ತ್ರಿ ಕನ್ನಡಕ ಏರಿಸಿ ಓದಿದರು. “‘ಮೂರ್ತಿ ಚೆನ್ನಾಗಿದೆ. ಆದರೆ ಕೈಗಳು ಕೆಲಸ ಮಾಡಿದಂತೆ ಕಾಣುತ್ತವೆ. ತಕ್ಷಣ ಸರಿಪಡಿಸಿ ಕಳಿಸುವುದು.’ ಕೆಳಗೆ ಮಂಡಳಿಯ ಮೊಹರು.”

ಉಜ್ಜಕ್ಕನಿಗೆ ನಗು ಬಂತು. ನಕ್ಕರೆ ಪುಡಿ ಗಂಟಲಿಗೆ ಇಳಿಯುತ್ತದೆ, ಅದಕ್ಕೇ ಬಾಯಿ ಮುಚ್ಚಿಕೊಂಡು ನಕ್ಕಳು.

ಯಾಕೆ ನಕ್ಕಳು ಅಂತ ತಿಳಿಯಬೇಕಾದರೆ ಆ ಮೂರ್ತಿಯ ಪುಣ್ಯತಾಯಿ ಯಾರು ಅಂತ ತಿಳಿದಿರಬೇಕು. ಮುನ್ನೂರು ವರ್ಷದ ಕೆಳಗೆ ಆ ಊರಿಗೆ ದೊಡ್ಡ ರೋಗ ಬಂತಂತೆ. ರೋಗದವರ ಬಟ್ಟೆ ಮುಟ್ಟುವವರಿಲ್ಲದಾಗ ಒಬ್ಬ ಹೆಣ್ಣುಮಗಳು ಹೊಳೆಗೆ ಹೊತ್ತುಕೊಂಡು ಹೋಗಿ ಒಗೆದಳಂತೆ. ಒಂದು ದಿನ ಅಲ್ಲ, ಎರಡು ದಿನ ಅಲ್ಲ, ಮೂವತ್ತು ವರ್ಷ. ಕೀವು, ರಕ್ತ, ಹೇಲು, ಎಲ್ಲ. ಸತ್ತ ಮೇಲೆ ಅವಳು ಪುಣ್ಯತಾಯಿ ಆದಳು, ಅವಳಿಗೊಂದು ಪ್ರಾರ್ಥನಾ ಮಂದಿರ ಆಯಿತು, ಮಂದಿರಕ್ಕೊಂದು ಮಂಡಳಿ ಆಯಿತು, ಮಂಡಳಿ ಒಂದು ಪುಸ್ತಕ ಅಚ್ಚು ಹಾಕಿಸಿತು. ಆ ಪುಸ್ತಕದ ಒಂಬತ್ತನೇ ಪುಟದಲ್ಲಿ ತಾಯಿ ಮೂವತ್ತು ವರ್ಷ ಬಟ್ಟೆ ಒಗೆದಳು ಅಂತಿದೆ. ಹತ್ತನೇ ಪುಟದಲ್ಲಿ ಅವಳ ಕೈ ಹೂವಿನ ಎಸಳಿನಂತಿತ್ತು ಅಂತಿದೆ. ಬರೆದವನು ಗಂಡಸು. ಒಂದು ಕರ್ಚೀಫನ್ನೂ ಒಗೆದವನಲ್ಲ.

“ನಗ್ತೀಯಲ್ಲ” ಅಂದರು ಮೇಸ್ತ್ರಿ. “ನಿಜ ಹೇಳು, ನೀನು ಈ ಕೈ ಉಜ್ಜಿದೆಯಾ, ಇಲ್ಲವಾ?”

“ಉಜ್ಜಲಿಲ್ಲ.”

“ಮರೆತೆಯಾ?”

“ಮರೆಯೋಕೆ ಅದೇನು ಬಾಗಿಲ ಚಿಲಕವಾ ಅಣ್ಣಾ? ಬೇಕಂತಲೇ ಬಿಟ್ಟೆ.”

ಮೇಸ್ತ್ರಿ ಡಬ್ಬಿಯ ಮುಚ್ಚಳ ತೆಗೆದರು. ಹಳೇ ಪೇಪರಿನ ಮೇಲೆ ಎರಡು ಬಿಳಿ ಕೈ, ಅಂಗೈ ಮೇಲಾಗಿ ಮಲಗಿದ್ದವು. ಬಲಗೈ ಹೆಬ್ಬೆರಳ ಬುಡದಲ್ಲಿ ಕಡಲೆಕಾಳಿನಷ್ಟು ಜಡ್ಡು. ತೋರುಬೆರಳಿನ ತುದಿಯಲ್ಲಿ ಉದ್ದಕ್ಕೂ ಸೀಳು. ಎಡಗೈ ಕಿರುಬೆರಳು ಒಳಕ್ಕೆ ಬಾಗಿ ಹಾಗೇ ನಿಂತಿದೆ. ದಪ್ಪ ಬಟ್ಟೆ ಹಿಂಡಿ ಹಿಂಡಿ ಬಾಗಿದ ಬೆರಳು.

ಅವು ಉಜ್ಜಕ್ಕನ ಅವ್ವನ ಕೈ.

ಮೇಸ್ತ್ರಿಯ ಅಪ್ಪನ ಕಾಲದಲ್ಲಿ, ಹೆಂಗಸಿನ ಕೈಯ ಅಚ್ಚು ಬೇಕಾದಾಗ, ಅಲ್ಲೇ ಪ್ಲಾಸ್ಟರಿನ ಬಿಳಿ ಗಾರೆ ಕಲಸುತ್ತಿದ್ದ ಅವ್ವನನ್ನು ಕೂರಿಸಿ ಅಚ್ಚು ತೆಗೆದಿದ್ದರು. ಕಾರ್ಖಾನೆಯಲ್ಲಿ ಅದಕ್ಕೆ ಹನ್ನೊಂದನೇ ನಂಬರು. ಅಲ್ಲಿಂದೀಚೆಗೆ ಆ ಕಾರ್ಖಾನೆಯಿಂದ ಹೋದ ಹೆಂಗಸರಿಗೆಲ್ಲ ಅವ್ವನದೇ ಕೈ. ರಾಣಿಯರಿಗೆ, ತಾಯಂದಿರಿಗೆ, ತಕ್ಕಡಿ ಹಿಡಿದ ನ್ಯಾಯದೇವತೆಗೆ, ಬಟ್ಟೆ ಅಂಗಡಿಯ ಗಾಜಿನೊಳಗೆ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿ ನಿಂತ ಗೊಂಬೆಗೆ. ಪ್ರತಿಸಲ ಕೈ ಅಚ್ಚಿನಿಂದ ಬರುವಾಗ ಜಡ್ಡು, ಸೀಳು, ಗೆರೆ ಎಲ್ಲ ಇರುತ್ತಿತ್ತು. ಪ್ರತಿಸಲ ಉಜ್ಜಕ್ಕ ಉಜ್ಜುತ್ತಿದ್ದಳು. ಮಗಳು ಕೂತು ಅವ್ವನನ್ನು ಅಳಿಸುತ್ತಿದ್ದಳು. ಕೂಲಿ ಅದಕ್ಕೇ ಕೊಡುತ್ತಿದ್ದದ್ದು.

ಅವ್ವನದೊಂದು ಫೋಟೋ ಇಲ್ಲ. ಹದಿನಾಲ್ಕು ವರ್ಷವಾಯಿತು ಹೋಗಿ. ಆದರೆ ಗಾರೆಗೆ ಒಂದು ಗುಣವಿದೆ. ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಅಚ್ಚು ಬಿಡಿಸಿದ ತಕ್ಷಣ ಕೈ ಹಿಡಿದರೆ ಜೀವವಿದ್ದವರ ಕೈಯಷ್ಟೇ ಬಿಸಿ. ಅರ್ಧ ಗಂಟೆ ಇರುತ್ತದೆ, ಆಮೇಲೆ ಆರುತ್ತದೆ. ಆ ಅರ್ಧ ಗಂಟೆ ಉಜ್ಜಕ್ಕ ಕೈ ಹಿಡಿದು ಕೂತಿರುತ್ತಿದ್ದಳು. ಆರಿದ ಮೇಲೆ ಕಾಗದ ತಗೊಂಡು ಉಜ್ಜಲು ಶುರು.

“ನೋಡಣ್ಣ” ಅಂದಳು ಈಗ, “ರಾಣಿ ಒಗೆಯಲ್ಲ, ಉಜ್ಜಿದೆ. ಗಾಜಿನೊಳಗಿನ ಗೊಂಬೆ ಒಗೆಯಲ್ಲ, ಉಜ್ಜಿದೆ. ಈ ತಾಯಿ ಒಗೆದವಳು. ಒಗೆದವಳಿಗೆ ಒಗೆದ ಕೈ ಸರಿಹೋಯ್ತು ಅಂತ ಬಿಟ್ಟೆ. ಇದರಲ್ಲಿ ತಪ್ಪೇನಿದೆ?”

ಮೇಸ್ತ್ರಿ ಒಳ್ಳೆಯವರು. ಒಳ್ಳೆಯವರಾದದ್ದರಿಂದಲೇ ಯಾವುದಕ್ಕೂ ಉತ್ತರ ಕೊಡದೆ ಕೆಮ್ಮುತ್ತಿದ್ದರು. ಈಗಲೂ ಕೆಮ್ಮಿದರು.

ಮಧ್ಯಾಹ್ನ ಮಂಡಳಿಯೇ ಬಂತು. ಮಂಡಳಿ ಅಂದರೆ ಮುಂದೆ ಅಧ್ಯಕ್ಷರು, ಹಿಂದೆ ನೋಟುಪುಸ್ತಕ ಹಿಡಿದ ಕಾರ್ಯದರ್ಶಿ. ಅಧ್ಯಕ್ಷರು ತುಂಬು ಮೈಯವರು, ಮೆಲುದನಿಯವರು. ಪ್ರತಿವರ್ಷ ತಾಯಿಯ ದಿನ ಭಾಷಣ ಮಾಡುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಅಂತ ಶುರು ಮಾಡುತ್ತಿದ್ದರು. ಕೆಸರಾದ ಕೈ ಯಾರದು, ಮೊಸರಾದ ಬಾಯಿ ಯಾರದು ಅಂತ ಮಾತ್ರ ಹೇಳುತ್ತಿರಲಿಲ್ಲ.

“ಯಾರು ಉಜ್ಜೋಳು?” ಅಂದರು.

ಉಜ್ಜಕ್ಕ ಎದ್ದು ನಿಂತಳು. ಅಧ್ಯಕ್ಷರು ಜೇಬಿನಿಂದ ರೇಷ್ಮೆ ಕರವಸ್ತ್ರ ತೆಗೆದು, ಅದರ ತುದಿಯಿಂದ ಅವಳ ಹೆಬ್ಬೆರಳು ಹಿಡಿದು, ಸತ್ತ ಇಲಿಯನ್ನು ಎತ್ತುವ ಹಾಗೆ ಎತ್ತಿದರು. ಡಬ್ಬಿಯೊಳಗಿನ ಕೈಯನ್ನೂ ಅವಳ ಕೈಯನ್ನೂ ನೋಡಿದರು.

“ನೋಡಿ ಕಾರ್ಯದರ್ಶಿಗಳೇ, ಎರಡೂ ಒಂದೇ ಜಾತಿ ಕೈ.”

“ಬರ್ಕೊಳ್ಳಲಾ ಸಾರ್?”

“ಬೇಡ.”

ಕೈ ಬಿಟ್ಟರು, ಕರವಸ್ತ್ರವನ್ನೂ ಬಿಟ್ಟರು. ಅದು ಪುಡಿಯಲ್ಲಿ ಬಿತ್ತು. ಇನ್ನು ಅವರು ಅದನ್ನು ಮುಟ್ಟುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಉಜ್ಜಕ್ಕ ಹಿಂದಿನ ಬೀದಿಯವಳು. ಹಿಂದಿನ ಬೀದಿಯವರು ಮಂದಿರಕ್ಕೆ ಹಿಂದಿನ ಬಾಗಿಲಿಂದಲೇ ಬರಬೇಕು, ಬಕೆಟ್ಟು ಹಿಡಿದೇ ಬರಬೇಕು, ನೆಲ ಒರೆಸಿ ಅಲ್ಲಿಂದಲೇ ಹೋಗಬೇಕು. ಅವ್ವ ಗಾರೆ ಕೆಲಸದ ಜೊತೆಗೆ ಮೂವತ್ತು ವರ್ಷ ಮಂದಿರದ ಪರದೆ, ಜಮಖಾನೆ ಒಗೆದಿದ್ದಳು. ಅವಳಿಗೆ ಕಂಡದ್ದು ತಾಯಿಯ ಹಳೇ ಮೂರ್ತಿಯ ಬೆನ್ನು ಮಾತ್ರ. “ಹೇಗಿದಾಳವ್ವ ತಾಯಿ?” ಅಂತ ಸಣ್ಣವಳಿದ್ದಾಗ ಉಜ್ಜಕ್ಕ ಕೇಳಿದರೆ, “ಬೆನ್ನು ಗಟ್ಟಿಯಾಗಿದೆ ಮಗಾ” ಅನ್ನುತ್ತಿದ್ದಳು.

“ನಾಡಿದ್ದು ಕಣ್ಣು ಬರೆಸಬೇಕು” ಅಂದರು ಅಧ್ಯಕ್ಷರು. “ಕಣ್ಣು ಬರೆದ ಮೇಲೆ ವರ್ಷ ತುಂಬೋವರೆಗೆ ಮೂರ್ತಿನ ಯಾರೂ ಮುಟ್ಟೋ ಹಾಗಿಲ್ಲ. ನಾನೂ ಮುಟ್ಟೋ ಹಾಗಿಲ್ಲ. ಅದು ನಮ್ಮ ನಿಯಮ. ಆದ್ದರಿಂದ ಇವತ್ತೇ ಕೂತು ಉಜ್ಜು. ಜಡ್ಡು ಹೋಗಲಿ, ಸೀಳು ತುಂಬಲಿ, ಬೆರಳು ನೆಟ್ಟಗಾಗಲಿ.”

“ತಾಯಿ ಬಟ್ಟೆ ಒಗೆದದ್ದು ಸುಳ್ಳಾ ಸ್ವಾಮಿ?”

“ಯಾರು ಹಾಗಂದೋರು? ಒಗೆದದ್ದು ನಿಜ.”

“ಮೂವತ್ತು ವರ್ಷ?”

“ಮೂವತ್ತೇ.”

“ಹಾಗಾದ್ರೆ ಕೈ?”

“ಕೈಗೆ ತಾಗಲಿಲ್ಲ. ಅದೇ ಪವಾಡ.”

ಕಾರ್ಯದರ್ಶಿ ಕಣ್ಣುಮುಚ್ಚಿ ತಲೆದೂಗಿದ. ಉಜ್ಜಕ್ಕ ಡಬ್ಬಿಯಿಂದ ಬಲಗೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಇನ್ನೇನು ಉಜ್ಜಲು ಕೂತಳು ಅಂತ ಮೇಸ್ತ್ರಿ ಉಸಿರು ಬಿಟ್ಟರು. ಅವಳು ಕಾಗದ ತೆಗೆದುಕೊಳ್ಳಲಿಲ್ಲ.

“ಉಜ್ಜಲ್ಲ” ಅಂದಳು.

“ಏನಂದೆ?”

“ಇಪ್ಪತ್ತು ವರ್ಷ ಉಜ್ಜಿದೀನಿ. ನಮ್ಮವ್ವನ ಕೈನ ನೂರಾರು ಸಲ ಉಜ್ಜಿದೀನಿ. ಇನ್ನು ಉಜ್ಜಲ್ಲ. ರಟ್ಟೆ ನೋವಿಗಲ್ಲ. ಉಜ್ಜಲ್ಲ ಅಷ್ಟೇ.”

ಮೇಸ್ತ್ರಿಗೆ ನಿಜವಾಗಿಯೇ ಕೆಮ್ಮು ಬಂತು. ಅಧ್ಯಕ್ಷರು ದನಿ ಏರಿಸಲಿಲ್ಲ. ದನಿ ಏರಿಸುವುದು ಅವರ ಪದ್ಧತಿಯಲ್ಲ. ಮೇಸ್ತ್ರಿಯ ಕಡೆ ತಿರುಗಿ ಮೆಲ್ಲಗೆ ಹೇಳಿದರು. “ಒಳ್ಳೆ ಕೈ ಹುಡುಕಿ ಹೊಸ ಅಚ್ಚು ತೆಗೀರಿ. ಅದು ಆದ ಕೂಡಲೇ ಹಳೇ ಅಚ್ಚನ್ನ ನನ್ನ ಕಣ್ಣೆದುರಿಗೆ ಒಡೀಬೇಕು. ಉಳಿದರೆ ನಾಳೆ ಇನ್ನೊಂದು ಊರಿನ ತಾಯಿಗೆ ಇದೇ ಕೈ ಹೋಗುತ್ತೆ. ಇಲ್ಲದಿದ್ದರೆ ನಮ್ಮ ಕೆಲಸ ಇನ್ನು ನಿಮ್ಮ ಹತ್ತಿರ ಬರಲ್ಲ.”

“ಆಗಲಿ ಸಾರ್” ಅಂದರು ಮೇಸ್ತ್ರಿ. ಉಜ್ಜಕ್ಕನ ಮುಖ ನೋಡಲಿಲ್ಲ.

ಅವರು ಹೋದ ಮೇಲೆ ಉಜ್ಜಕ್ಕ ಆ ಕರವಸ್ತ್ರ ಎತ್ತಿ ಕೊಡವಿದಳು. ರೇಷ್ಮೆ ಅವಳಿಗೆ ಕೆಲಸದ ಸಾಮಾನು. ಉಜ್ಜಿದ್ದು ಮುಗಿಯಿತೋ ಇಲ್ಲವೋ ಅಂತ ಕಣ್ಣಿಗೆ ತಿಳಿಯುವುದಿಲ್ಲ. ರೇಷ್ಮೆಯ ತುಂಡು ಮೇಲೆ ಬಿಟ್ಟರೆ ತಿಳಿಯುತ್ತದೆ. ಜಾರಿ ಬಿದ್ದರೆ ನಯವಾಗಿದೆ. ಎಲ್ಲಾದರೂ ತಡೆದು ನಿಂತರೆ ಅಲ್ಲಿ ಇನ್ನೂ ಕೆಲಸವಿದೆ. ಈ ಗುಟ್ಟನ್ನು ಮೇಸ್ತ್ರಿ ಬಾಯಿ ತಪ್ಪಿ ಕಾರ್ಯದರ್ಶಿಗೆ ಹೇಳಿಬಿಟ್ಟರು. ಮರುದಿನ ಬೆಳಿಗ್ಗೆ ಕೈಗಳ ಪರೀಕ್ಷೆ ಅಂತ ಮಂಡಳಿ ಗೊತ್ತುಮಾಡಿತು.

ಕಾರ್ಖಾನೆಯ ಅಂಗಳದಲ್ಲಿ ಮೇಜು ಹಾಕಿದರು. ಮುಂದಿನ ಬೀದಿಗಳ ಮನೆತನಸ್ಥ ಹೆಂಗಸರು ನಲವತ್ತೊಂದು ಜನ ಸಾಲಾಗಿ ನಿಂತರು. ತಾಯಿಗೆ ಕೈಯಾಗುವ ಭಾಗ್ಯ ಯಾರಿಗುಂಟು ಯಾರಿಗಿಲ್ಲ. ಒಬ್ಬೊಬ್ಬರೂ ಅಂಗೈ ಚಾಚಬೇಕು, ಕಾರ್ಯದರ್ಶಿ ಹೊಸದೊಂದು ರೇಷ್ಮೆಯ ತುಂಡು ಬಿಡಬೇಕು. ಉಜ್ಜಕ್ಕ ಬಾಗಿಲ ಹತ್ತಿರ ತನ್ನ ಬಕೆಟ್ಟಿನ ಮೇಲೆ ಕೂತು ನೋಡಿದಳು.

ಮೊದಲು ಅಧ್ಯಕ್ಷರ ಹೆಂಡತಿಯೇ ಬಂದರು. ರೇಷ್ಮೆ ಅಂಗೈ ಮೇಲೆ ಬಿತ್ತು, ನಡುಬೆರಳ ಬುಡದಲ್ಲಿ ತಡೆದು ನಿಂತಿತು.

“ಇದೇನಿದು?” ಅಂದರು ಅಧ್ಯಕ್ಷರು.

“ಜಡ್ಡು.”

“ನಿನಗೆಲ್ಲಿಂದ ಬಂತು? ಮನೇಲಿ ಕೆಲಸದವರಿದಾರಲ್ಲ?”

“ಅವರು ಬರದ ದಿನ ಪಾತ್ರೆ ತಾವಾಗೇ ತೊಳ್ಕೊಳ್ತವೆ ಅಂತ ತಿಳ್ಕೊಂಡಿದ್ರಾ?”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಎರಡನೆಯವರಿಗೆ ಎಣ್ಣೆ ಸಿಡಿದ ಕಲೆ, ಮೂರನೆಯವರಿಗೆ ಸೂಜಿ ಚುಚ್ಚಿದ ಬೆರಳು. ಶಾಲೆಯ ಮೇಡಮ್ಮನ ಅಂಗೈ ಸೀಮೆಸುಣ್ಣಕ್ಕೆ ಒಡೆದಿತ್ತು. ತಂತಿವಾದ್ಯ ನುಡಿಸುವ ಹುಡುಗಿಯ ಮೇಲೆ ಎಲ್ಲರಿಗೂ ಭರವಸೆ. ರೇಷ್ಮೆ ಅವಳ ಬೆರಳ ತುದಿಗೇ ಅಂಟಿಕೊಂಡಿತು. ಊರಿಗೇ ದೊಡ್ಡ ಮನೆಯ ಸೊಸೆ ಕೈ ಚಾಚಲೇ ಇಲ್ಲ. “ನನ್ನದು ನೋಡಬೇಡಿ, ನಮ್ಮತ್ತೆ ಇಲ್ಲೇ ಇದಾರೆ” ಅಂದಳು. ಅತ್ತೆ ಹಿಂದಿನಿಂದ, “ನನ್ನದೂ ನೋಡಬೇಡಿ” ಅಂದರು.

ಬರಬರುತ್ತಾ ಸಾಲು ಕೆಟ್ಟಿತು. ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ನೋಡುತ್ತಾ ನಿಂತರು. ಇದು ಯಾವಾಗ ಸುಟ್ಟದ್ದು, ಇದು ಎಲ್ಲಿ ಕುಯ್ದದ್ದು, ಅಯ್ಯೋ ನನಗೂ ಇಲ್ಲೇ ಇದೆ ನೋಡಿ ಅಂತ ಸಂತೆಯ ಹಾಗೆ ಗದ್ದಲ. ಕಾರ್ಯದರ್ಶಿ ಬೆವರುತ್ತಾ ಬರೆದುಕೊಂಡ. ‘ಕೈಜೋಡಿ ನಲವತ್ತೊಂದು. ನಲವತ್ತೊಂದೂ ಅನುತ್ತೀರ್ಣ.’

ಅಧ್ಯಕ್ಷರಿಗೆ ಮೊದಲ ಸಲ ದನಿ ಏರಿತು. “ಒಂದು ರೇಷ್ಮೆ ಜಾರಿಸೋದು ಇಷ್ಟು ಕಷ್ಟವೇನ್ರೀ? ಹೀಗೆ ಜಾರಬೇಕು!” ಅಂತ ಬಟ್ಟೆ ಕಿತ್ತುಕೊಂಡು ತಮ್ಮ ಅಂಗೈ ಮೇಲೆ ಬಿಟ್ಟು ತೋರಿಸಿದರು.

ಅದು ಜಾರಿತು. ಅಂಗೈ ದಾಟಿ, ಬೆರಳು ದಾಟಿ, ಎಲ್ಲೂ ತಡೆಯದೆ, ನೀರು ಹರಿದ ಹಾಗೆ ಹರಿದು ನೆಲಕ್ಕೆ ಬಿತ್ತು.

ಕಾರ್ಯದರ್ಶಿ ಬಗ್ಗಿ ಬಟ್ಟೆ ಎತ್ತಿ, ನಂಬಿಕೆ ಬಾರದೆ, ಅಧ್ಯಕ್ಷರ ಎಡಗೈ ಮೇಲೂ ಬಿಟ್ಟ. ಅಲ್ಲೂ ಜಾರಿತು.

“ಸಿಕ್ಕಿದಳಲ್ಲ ಪುಣ್ಯತಾಯಿ” ಅಂದರು ಅಧ್ಯಕ್ಷರ ಹೆಂಡತಿ.

ಅಲ್ಲೇ ತುರ್ತುಸಭೆ ಆಯಿತು. ನಿರ್ಣಯ ಒಂದು: ತಾಯಿಗೆ ತಕ್ಕ ಕೈ ಮಂಡಳಿಯಲ್ಲೇ ಇದ್ದದ್ದು ದೈವಸಂಕಲ್ಪ. ನಿರ್ಣಯ ಎರಡು: ಕೈ ಕೊಟ್ಟವರ ಹೆಸರು ಗುಪ್ತವಾಗಿಡತಕ್ಕದ್ದು. ನಲವತ್ತೊಂದು ಹೆಂಗಸರ ಎದುರಿಗೆ ಗುಪ್ತ. ಮೇಸ್ತ್ರಿ ಅಳತೆ ತೆಗೆದು, ಮೂರ್ತಿಯ ತೋಳಿಗೆ ಈ ಕೈ ಎರಡು ಬೆರಳು ದಪ್ಪವಾಗುತ್ತದೆ, ಮುಂಗೈ ಮೇಲೆ ಕೂದಲೂ ಇದೆ ಅಂದರು. “ಕೊಡೋ ಕೈ ದೊಡ್ಡದೇ ಇರುತ್ತೆ” ಅಂದ ಕಾರ್ಯದರ್ಶಿ. ನಿರ್ಣಯ ಮೂರು: ಅಚ್ಚು ತೆಗೆಯುವಾಗ ಹಿಂದಿನ ಬೀದಿಯವರು ಯಾರೂ ಅಧ್ಯಕ್ಷರನ್ನು ಮುಟ್ಟಕೂಡದು. ಅಧ್ಯಕ್ಷರು ಮೂರಕ್ಕೂ ಸಹಿ ಹಾಕಿದರು. ಹೆಂಗಸರನ್ನು ಮನೆಗೆ ಕಳಿಸಿದರು.

ಮೇಜಿನ ಒಂದು ತುದಿಗೆ ಮರದ ಪೆಟ್ಟಿಗೆ ಇಟ್ಟರು. ಇನ್ನೊಂದು ತುದಿಗೆ ಹನ್ನೊಂದನೇ ನಂಬರಿನ ಅಚ್ಚು, ಅದರ ಪಕ್ಕ ಸುತ್ತಿಗೆ. ಉಜ್ಜಕ್ಕ ಸುತ್ತಿಗೆಯನ್ನೇ ನೋಡುತ್ತಿದ್ದಳು. ಅವ್ವನನ್ನು ಮಣ್ಣು ಮಾಡಿದ ದಿನ ಇಷ್ಟು ಸಂಕಟವಾಗಿರಲಿಲ್ಲ. ಅವತ್ತು ಹೋದವಳು ಮತ್ತೆ ಮತ್ತೆ ಬಿಸಿಯಾಗಿ ಬರುತ್ತಿದ್ದಳು. ಇವತ್ತು ಹೋದರೆ ಬರುವುದಿಲ್ಲ.

“ನೀನು ಗಾರೆ ಕಲಸಿ ಕೊಟ್ಟು ಬಾಗಿಲ ಹತ್ತಿರ ಹೋಗಿ ನಿಲ್ಲು” ಅಂದ ಕಾರ್ಯದರ್ಶಿ. ಅವಳು ಕಲಸಿಕೊಟ್ಟು ಹೋಗಿ ನಿಂತಳು.

ಅಧ್ಯಕ್ಷರು ಎರಡೂ ಕೈ ಒಟ್ಟಿಗೆ ಚಾಚಿ ಪೆಟ್ಟಿಗೆಯೊಳಗೆ ಇಟ್ಟರು. ಮೇಸ್ತ್ರಿ ಗಾರೆ ಎತ್ತಿದರು.

“ಅಣ್ಣಾ, ಎಣ್ಣೆ” ಅಂದಳು ಉಜ್ಜಕ್ಕ ಬಾಗಿಲಿಂದ.

“ನೀನು ಬಾಯಿ ಮುಚ್ಚು” ಅಂದ ಕಾರ್ಯದರ್ಶಿ. “ಇವತ್ತು ಇಲ್ಲಿ ನಿನಗೆ ಕೆಲಸ ಇಲ್ಲ.”

ಅವಳು ಬಾಯಿ ಮುಚ್ಚಿದಳು. ಮೇಸ್ತ್ರಿ ಸುರಿದರು.

ಮೂವತ್ತು ವರ್ಷದ ಕಸಬಿನಲ್ಲಿ ಮೇಸ್ತ್ರಿ ಎಂದೂ ಮಾಡದ ಕೆಲಸ ಎರಡಿದ್ದವು. ಅಚ್ಚು ತೆಗೆಯುವ ಮೊದಲು ಕೈಗೆ ಮೊಣಕೈವರೆಗೆ ಎಣ್ಣೆ ತಿಕ್ಕಬೇಕು, ಇಲ್ಲದಿದ್ದರೆ ಗಾರೆ ಕೂದಲನ್ನು ಹಿಡಿದುಕೊಳ್ಳುತ್ತದೆ. ಕೈಯ ಅಂಚಿಗೆ ದಾರ ಇಡಬೇಕು, ಗಾರೆ ಅರ್ಧ ಗಟ್ಟಿಯಾದಾಗ ದಾರ ಎಳೆದರೆ ಅಚ್ಚು ಎರಡು ಹೋಳಾಗಿ ಬಿಡುತ್ತದೆ. ಎಣ್ಣೆ, ದಾರ ಎರಡೂ ಹೆಂಗಸರ ಕೆಲಸ. ಮೊದಲು ಅವ್ವ ಮಾಡುತ್ತಿದ್ದಳು, ಆಮೇಲೆ ಉಜ್ಜಕ್ಕ. ಮೇಸ್ತ್ರಿ ಬರುವಷ್ಟರಲ್ಲಿ ಆಗಿರುತ್ತಿತ್ತು. ಆಗಿರುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಥ ಕೆಲಸ ಇದೆ ಅಂತಲೇ ಮೇಸ್ತ್ರಿಗೆ ಮರೆತುಹೋಗಿತ್ತು.

ಹತ್ತು ನಿಮಿಷಕ್ಕೆ ಅಧ್ಯಕ್ಷರ ಮೂಗು ತುರಿಸಿತು. ಕಾರ್ಯದರ್ಶಿ ಪೆನ್ನಿನ ತುದಿಯಿಂದ ತುರಿಸಿದ. “ಎಡಕ್ಕೆ. ಇನ್ನೂ ಎಡಕ್ಕೆ. ನನ್ನ ಎಡ ಕಣ್ರೀ!” ಹದಿನೈದು ನಿಮಿಷಕ್ಕೆ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕಾರ್ಯದರ್ಶಿ ತೆಗೆದು ಕಿವಿಗೆ ಹಿಡಿದ. “ಇಲ್ಲ, ಈಗ ಕೈ ಬಿಡುವಿಲ್ಲ” ಅಂದರು ಅಧ್ಯಕ್ಷರು ಫೋನಿಗೆ. ಇಪ್ಪತ್ತು ನಿಮಿಷಕ್ಕೆ ಪೆಟ್ಟಿಗೆ ಬಿಸಿಯಾಯಿತು.

“ಏನ್ರೀ ಇದು, ಸುಡುತ್ತೆ!”

“ಗಟ್ಟಿಯಾಗ್ತಿದೆ ಸಾರ್. ಇನ್ನು ತೆಗೀಬಹುದು” ಅಂದರು ಮೇಸ್ತ್ರಿ.

ಅಧ್ಯಕ್ಷರು ಎಳೆದರು. ಬರಲಿಲ್ಲ. ಇನ್ನೂ ಎಳೆದರು. ನೂರು ಇರುವೆ ಒಟ್ಟಿಗೆ ಕಚ್ಚಿದ ಹಾಗೆ ಕೂದಲು ಎಳೆದವು. ಕಾರ್ಯದರ್ಶಿ ಹಿಂದಿನಿಂದ ಸೊಂಟ ಹಿಡಿದು ಎಳೆದ. ಮೇಸ್ತ್ರಿ ಮುಂದಿನಿಂದ ಪೆಟ್ಟಿಗೆ ಹಿಡಿದು ಎಳೆದರು. ಪೆಟ್ಟಿಗೆ, ಮೇಜು, ಅಧ್ಯಕ್ಷರು, ಕಾರ್ಯದರ್ಶಿ ಎಲ್ಲ ಒಟ್ಟಿಗೆ ಅಂಗಳದ ಆ ಕಡೆಯಿಂದ ಈ ಕಡೆಗೆ ಬಂದವು. ಕೈ ಮಾತ್ರ ಇದ್ದಲ್ಲೇ ಇತ್ತು.

“ಎಣ್ಣೆ!” ಅಂದರು ಮೇಸ್ತ್ರಿ, ಹಣೆ ಬಡಿದುಕೊಂಡು. “ಎಣ್ಣೆ ಹಚ್ಚಲಿಲ್ಲ! ದಾರಾನೂ ಇಡಲಿಲ್ಲ!”

“ಯಾರು ಹಚ್ಚಬೇಕಿತ್ತು?”

ಮೂವರೂ ಬಾಗಿಲ ಕಡೆ ತಿರುಗಿದರು.

“ನೀನೇ ಬಿಡಿಸಬೇಕು ಕಣಮ್ಮ” ಅಂದರು ಮೇಸ್ತ್ರಿ. “ನನ್ನ ಕೈ ನಡುಗುತ್ತೆ. ಉಳಿ ಹಿಡಿದ್ರೆ ಬೆರಳೇ ಹೋಗುತ್ತೆ.”

“ನಾನು ಮುಟ್ಟೋ ಹಾಗಿಲ್ಲವಲ್ಲ ಅಣ್ಣಾ. ನಿರ್ಣಯ ಆಗಿದೆ.”

“ನಿರ್ಣಯ ರದ್ದು!” ಅಂತ ಕೂಗಿದರು ಅಧ್ಯಕ್ಷರು.

ಕಾರ್ಯದರ್ಶಿ ಪುಸ್ತಕ ತಿರುವಿ ಹಾಕಿದ. “ರದ್ದು ಮಾಡೋಕೆ ತಮ್ಮ ಸಹಿ ಬೇಕು ಸಾರ್” ಅಂದು ಪೆನ್ನು ಚಾಚಿದ. ಚಾಚಿದವನು ಪೆಟ್ಟಿಗೆ ನೋಡಿ, ಪೆನ್ನನ್ನು ಮೆಲ್ಲಗೆ ಜೇಬಿಗೆ ಇಳಿಸಿದ.

“ಬಾಯಲ್ಲಿ ಹೇಳ್ತಿದೀನಲ್ರೀ!”

“ಬಾಯಲ್ಲಿ ನಮ್ಮವ್ವನಿಗೂ ಹೇಳ್ತಿದ್ರಿ ಸ್ವಾಮಿ” ಅಂದಳು ಉಜ್ಜಕ್ಕ. ಇನ್ನೂ ಬಾಗಿಲಲ್ಲೇ ಇದ್ದಳು. “ಒಂದಿನ ಮುಂದಿನ ಬಾಗಿಲಿಂದ ಬಂದು ತಾಯಿನ ನೋಡುವಿಯಂತೆ ಅಂತ. ನಿಮ್ಮಪ್ಪನೂ ಹೇಳಿದ್ರು, ನೀವೂ ಹೇಳಿದ್ರಿ. ಮೂವತ್ತು ವರ್ಷ ಬೆನ್ನು ನೋಡಿಕೊಂಡೇ ಸತ್ತಳು. ಆ ಸುತ್ತಿಗೆ ಪಕ್ಕದಲ್ಲಿರೋದು ಅವಳದೇ ಕೈ. ಅದನ್ನ ಮೊದಲು ಅದರ ಜಾಗದಲ್ಲಿ ಇಡಿಸಿ.”

“ಇಡ್ರೀ, ಇಡ್ರೀ!” ಅಂದರು ಅಧ್ಯಕ್ಷರು. ಮೇಸ್ತ್ರಿ ಅಚ್ಚನ್ನು ಮಗುವಿನ ಹಾಗೆ ಎತ್ತಿಕೊಂಡು ಹೋಗಿ ಗೂಡಿನಲ್ಲಿಟ್ಟರು.

“ಡಬ್ಬೀಲಿರೋ ಕೈ ಹಾಗೇ ತಾಯಿಗೆ ಹೋಗಬೇಕು. ಅದನ್ನ ಯಾರೂ ಉಜ್ಜಬಾರದು.”

“ಇದು ಬೆದರಿಕೆ” ಅಂದ ಕಾರ್ಯದರ್ಶಿ.

“ಹೌದು ಸಾರ್. ಬರ್ಕೊಳ್ಳಿ.”

ಅಧ್ಯಕ್ಷರ ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು. ಒರೆಸಿಕೊಳ್ಳುವ ಹಾಗಿಲ್ಲ. “ಹೋಗಲಿ, ಅದೇ ಹೋಗಲಿ” ಅಂದರು. “ತೆಗಿ ತಾಯಿ, ತೆಗಿ.”

ಅವರು ಅವಳನ್ನು ತಾಯಿ ಅಂದದ್ದು ಅದೊಂದೇ ಸಲ.

ಉಜ್ಜಕ್ಕ ಬಂದು ಕೂತಳು. ಅಚ್ಚು ಒಡೆಯಲು ಇಟ್ಟಿದ್ದ ಅದೇ ಸುತ್ತಿಗೆ ತಗೊಂಡಳು. ಪೆಟ್ಟಿಗೆಯ ಹಲಗೆ ಕಿತ್ತಳು. ಮೂಲೆಯಿಂದ ಉಳಿ ಹಿಡಿದು, ಎರಡು ಬೆರಳಷ್ಟು ಜಾಗ ಬಿಟ್ಟು ಬಿಟ್ಟು, ಮೆತ್ತಗೆ ತಟ್ಟುತ್ತಾ ಬಂದಳು. ತಟ್ಟುವುದು, ಬಿಸಿನೀರು ಬಿಡುವುದು, ಸಿಪ್ಪೆ ಎಬ್ಬಿಸುವುದು. ಎರಡು ಗಂಟೆ ಹಿಡಿಯಿತು. ಅವಳ ಎಡಗೈ ಅವರ ಮುಂಗೈ ಮೇಲೆ ಒತ್ತಿ ಕೂತಿತ್ತು, ಬೆರಳು ಎಲ್ಲಿದೆ ಅಂತ ತಿಳಿಯಬೇಕಲ್ಲ. ಅಧ್ಯಕ್ಷರು ಮೊದಲು ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ಅವಳ ಹೆಬ್ಬೆರಳನ್ನೇ ನೋಡುತ್ತಾ ಕೂತರು. ಬೇರೆ ನೋಡಲು ಏನೂ ಇರಲಿಲ್ಲ.

“ನೋಯುತ್ತಾ?” ಅಂದಳು ಒಂದು ಸಲ.

“ಹ್ಞೂಂ.”

“ಎರಡು ಗಂಟೆಗೇ?” ಅಂದಳು.

ಹೊಸ ಅಚ್ಚು ಪುಡಿಪುಡಿಯಾಗಿ ನೆಲಕ್ಕೆ ಬಿತ್ತು. ಕೈ ಹೊರಬಂದವು. ಕೆಂಪಗೆ, ಒಂದು ಕೂದಲೂ ಇಲ್ಲದೆ, ಆಗ ತಾನೇ ಹೆತ್ತ ಕೂಸಿನಂತೆ. ಅಧ್ಯಕ್ಷರು ಅವನ್ನು ಗಾಳಿಯಲ್ಲಿ ಹಿಡಿದುಕೊಂಡು ಎದ್ದರು. ಕೈ ಬಿಡುಗಡೆಯಾದ ಕೂಡಲೇ ಅಧ್ಯಕ್ಷಗಿರಿಯೂ ಮರಳಿ ಬಂತು.

“ಕೊಟ್ಟ ಮಾತು ಕೊಟ್ಟದ್ದೇ” ಅಂದರು ಮೆಲುದನಿಯಲ್ಲಿ. “ಆ ಕೈಗಳೇ ಇರಲಿ. ಮೇಲೊಂದು ರೇಷ್ಮೆ ಶಾಲು ಹೊದಿಸಿ. ಭುಜದಿಂದ ಬೆರಳ ತುದಿವರೆಗೆ. ಏನೂ ಕಾಣಬಾರದು.”

ಉಜ್ಜಕ್ಕ ಸುತ್ತಿಗೆ ಕೆಳಗಿಟ್ಟಳು.

ಮರುದಿನ ಬೆಳಿಗ್ಗೆ ಮಂದಿರದಲ್ಲಿ ತಾಯಿಗೆ ಶಾಲು ಹೊದಿಸಿ ಕಣ್ಣು ಬರೆದರು. ಏಣಿ ತೆಗೆದರು. ಇನ್ನು ಒಂದು ವರ್ಷ ಯಾರೂ ಮುಟ್ಟುವ ಹಾಗಿಲ್ಲ ಅಂತ ಕಾರ್ಯದರ್ಶಿ ಮೂರು ಸಲ ಸಾರಿ ಹೇಳಿದ. ಆಮೇಲೆ ಮುಂಬಾಗಿಲಿಗೆ ಬಂದು ನಿಂತ. ಅಲ್ಲಿ ಮೆಟ್ಟಿಲ ಮೇಲೆ ಉಜ್ಜಕ್ಕ ಇದ್ದಳು. ತಲೆ ತೊಳೆದುಕೊಂಡು ಬಂದಿದ್ದಳು. ಪುಡಿ ಹೋಗಿದ್ದರಿಂದ ಅವನಿಗೆ ಮೊದಲು ಗುರುತೇ ಸಿಗಲಿಲ್ಲ.

“ಏಯ್, ಎಲ್ಲಿಗೆ? ನಿನ್ನ ಬಾಗಿಲು ಹಿಂದೆ.”

“ಹಿಂದಿನಿಂದ ಕೈ ಕಾಣಲ್ಲ ಸಾರ್.”

“ಬಕೆಟ್ಟೆಲ್ಲಿ?”

“ತಂದಿಲ್ಲ. ಇವತ್ತು ನೋಡೋಕೆ ಬಂದೆ.”

ಅಡ್ಡ ನಿಲ್ಲಬೇಕಾದರೆ ಅವಳನ್ನು ಮುಟ್ಟಬೇಕಾಗುತ್ತಿತ್ತು. ಅವನು ಸರಿದ. ಒಳಗಿನ ಜನವೂ ತಾಗಬಾರದು ಅಂತ ಸರಿದರು. ಅವರು ಸರಿದಷ್ಟೂ ದಾರಿಯಾಯಿತು. ಉಜ್ಜಕ್ಕ ಅದೇ ದಾರಿ ಹಿಡಿದು ಮೂರ್ತಿಯ ಎದುರಿಗೆ ಹೋಗಿ ನಿಂತಳು. ಹೆಂಗಸರ ಮುಂದಿನ ಸಾಲಿನಲ್ಲಿ ಅಧ್ಯಕ್ಷರ ಹೆಂಡತಿ ಇದ್ದರು. ಅವರೊಬ್ಬರೇ ಸರಿಯಲಿಲ್ಲ.

“ಎಲ್ಲೇ, ಕೈ ಕಾಣ್ತಾನೇ ಇಲ್ವಲ್ಲ?” ಅಂದರು ಪಿಸುದನಿಯಲ್ಲಿ.

“ಒಳಗಿದೆ ಅಮ್ಮಾ.”

ಅಧ್ಯಕ್ಷರು ಭಾಷಣಕ್ಕೆ ಎದ್ದರು. ಕೈ ಎರಡಕ್ಕೂ ಮುಲಾಮು ಹಚ್ಚಿ ಬಟ್ಟೆ ಸುತ್ತಿದ್ದರು. ಸೆಖೆಯಾಗುತ್ತಿದೆ ಅಂತ ಕಾರ್ಯದರ್ಶಿಗೆ ಕಣ್ಸನ್ನೆ ಮಾಡಿದರು. ಅವನು ಹೋಗಿ ದೊಡ್ಡ ಫ್ಯಾನು ಹಾಕಿದ. ಶಾಲಿನ ಅಂಚು ಅಲುಗಿತು. ಮೆಲ್ಲಗೆ ತಾಯಿಯ ಭುಜದಿಂದ ಜಾರಿತು. ಭುಜ ಉಜ್ಜಿದವಳು ಉಜ್ಜಕ್ಕನೇ, ಅಲ್ಲಿ ರೇಷ್ಮೆ ನಿಲ್ಲುವುದುಂಟೇ. ತೋಳಿನಿಂದ ಜಾರಿತು, ಮೊಣಕೈಯಿಂದ ಜಾರಿತು, ಚಾಚಿದ ಅಂಗೈಗಳ ಮೇಲೆ ಬಂತು. ಅಲ್ಲಿ ತಡೆಯಿತು. ಒಂದು ತುದಿ ಬಲಗೈ ಹೆಬ್ಬೆರಳ ಜಡ್ಡಿಗೆ ಸಿಕ್ಕಿಕೊಂಡಿತು, ಇನ್ನೊಂದು ತುದಿ ಎಡಗೈಯ ಬಾಗಿದ ಕಿರುಬೆರಳಿಗೆ. ಫ್ಯಾನಿನ ಗಾಳಿಗೆ ನಡುವೆ ಎರಡು ಸುತ್ತು ಸುತ್ತಿಕೊಂಡು, ಹಿಂಡುವ ಬಟ್ಟೆಯ ಹಾಗೆ ಜೋತುಬಿತ್ತು.

ಕಾರ್ಯದರ್ಶಿ ಎರಡೂ ಕೈ ಎತ್ತಿಕೊಂಡು ಓಡಿದ. ಮೂರ್ತಿಗೆ ಒಂದು ಗೇಣು ಇದೆ ಅನ್ನುವಾಗ ನಿಯಮ ನೆನಪಾಗಿ, ಎತ್ತಿದ ಕೈ ಎತ್ತಿದ ಹಾಗೇ, ನಿಂತುಬಿಟ್ಟ.